ಮಕ್ಕಳ ಕೋರ್ಟಿನ ಮುದಿ ಡಾಕ್ಟರು

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಯಾವ ನಾಟಕ ಆಡಬೇಕೆಂಬ ಚರ್ಚೆ ನಡೆದಾಗ, ರವೀಂದ್ರನಾಥ ಠಾಕೂರರ ಡಾಕ್‌ಘರ್ ಆಗಬಹುದೆಂದು ಒಬ್ಬರು ಸೂಚಿಸಿದರು. ಕಾಯಿಲೆ ಬಿದ್ದ ಹುಡುಗನೊಬ್ಬ ಕಿಟಕಿಯ ಬಳಿ ಕುಳಿತಿರುವುದೂ ಒಂದು ನಾಟಕವೆ ಎಂದು ನಾವೆಲ್ಲ ನಕ್ಕುಬಿಟ್ಟೆವು. ಕಡೆಗೆ ಬೇರೊಂದು ನಾಟಕವಾಯಿತು. ಅದರಲ್ಲಿ ನಾನು ಪೋಲೀಸ್ ಪೇದೆಯ ವೇಷ ಹಾಕಿ, ಮೀಸೆ ಕಿತ್ತುಬಂದು ಜನರನ್ನು ಬೇಕಾದಷ್ಟು ನಗಿಸಿದೆ. ಆದರೂ ಆ ಕಿಟಕಿಯ ಹುಡುಗನ ಹೆಸರು ಮನಸ್ಸಿನಲ್ಲಿ ಉಳಿಯಿತು. ಅವನ ವಿಷಯ ಓದುತ್ತ ಹೋದಾಗ, ಇದೇ ನಾಟಕವನ್ನು 1942ನೆಯ ಇಸವಿ ಜುಲೈ 18ರಂದು ಪೋಲೆಂಡ್ ದೇಶದ ವಾರ್ಸಾ ನಗರದಲ್ಲಿ ಯೆಹೂದ್ಯರ ಅನಾಥ ಮಕ್ಕಳು ಆಡಿದರೆಂದೂ, ಆಡಿಸಿದವರು ಯಾನುಶ್ ಕೊರ್ಚಾಕ್ ಎಂಬ ವೈದ್ಯರೆಂದೂ ತಿಳಿಯಿತು. ಆ ಮಕ್ಕಳು ನಾಟಕವಾಡಿದ ಮೇಲೆ ಮೂರು ವಾರವೂ ಬದುಕಿರಲಿಲ್ಲ.

ಯೆಹೂದ್ಯರೆಂದರೆ ನಮ್ಮ ಕಡೆಯವರಿಗೆ ಪರಿಚಯ ಕಡಮೆ. ಕೊಚ್ಚಿಯಲ್ಲಿಯೂ ಕೊಂಕಣದಲ್ಲಿಯೂ ಅವರು ತಲೆತಲಾಂತರದಿಂದ ಇದ್ದವರು. ಮುಂಬಯಿಯಲ್ಲಿ 1875ರಲ್ಲಿಯೇ ಅವರ ಮಕ್ಕಳಿಗಾಗಿ ಒಂದು ಶಾಲೆ ಹುಟ್ಟಿತ್ತು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಅವರದೊಂದು ಸ್ಮಶಾನವಿದೆ. ಕಂದಿಕೆರೆಯಲ್ಲಿ ಬೆಳೆದ ನನಗೆ ಇವು ಯಾವುವೂ ಗೊತ್ತಿರಲಿಲ್ಲ. ತೆಂಗಿನ ತೋಟ, ರಾಗಿಹೊಲ, ಅಟ್ಟದ ಮೇಲೆ ವರ್ಷವಿಡೀ ಒಣಗಿ ಕೊಬ್ಬರಿಯಾಗುವ ಕಾಯಿ, ತಿಪಟೂರಿನ ಹರಾಜಿನ ದಿನದ ಧಾರಣೆ, ಇಷ್ಟೇ ನನ್ನ ಭೂಗೋಳ. ನಮ್ಮ ತಂದೆ ಕೂಲಿಗೆ ಕಾಯಿ ಸುಲಿಯುವವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಂಥವನಿಗೆ ವಾರ್ಸಾದ ಡಾಕ್ಟರು ಏತಕ್ಕೆ ಹತ್ತಿರವಾದರೆಂಬುದನ್ನು ಮುಂದೆ ಹೇಳುತ್ತೇನೆ.

ಕೊರ್ಚಾಕ್ ಎಂಬುದು ಅವರು ತಾವೇ ಇಟ್ಟುಕೊಂಡ ಹೆಸರು. ಹುಟ್ಟುಹೆಸರು ಹೆನ್ರಿಕ್ ಗೋಲ್ಡ್‌ಸ್ಮಿತ್. ಜುಲೈ 22ರಂದು ಹುಟ್ಟಿದರು. ವರ್ಷ 1878ರೋ 1879ರೋ ಎಂಬುದು ಅವರಿಗೇ ಖಚಿತವಿರಲಿಲ್ಲ. ಆಗ ಪೋಲೆಂಡಿನ ಆ ಭಾಗ ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ತಂದೆ ಅನುಕೂಲಸ್ಥ ವಕೀಲರು. ಐದು ವರ್ಷದ ಬಾಲಕನಿದ್ದಾಗ ಮನೆಯಲ್ಲಿ ಸಾಕಿದ್ದ ಹಾಡುವ ಹಕ್ಕಿ ಸತ್ತಿತು. ಹುಡುಗ ಅದನ್ನು ಅಂಗಳದಲ್ಲಿ ಹೂಳಿ ಮೇಲೊಂದು ಶಿಲುಬೆ ನೆಡಲು ಹೋದ. ಹಕ್ಕಿಯೂ ಯೆಹೂದ್ಯ ಜಾತಿಯದೇ, ಅದಕ್ಕೆ ಶಿಲುಬೆ ಕೂಡದು ಎಂದು ಕಾವಲುಗಾರನ ಮಗ ತಡೆದನಂತೆ. ತಾನು ಯಾವ ಜಾತಿಯೆಂಬುದು ಆ ಮಗುವಿಗೆ ತಿಳಿದದ್ದು ಹೀಗೆ. ನಮ್ಮಲ್ಲಿಯೂ ಎಷ್ಟೋ ಮಕ್ಕಳಿಗೆ ಇದು ತಿಳಿಯುವುದು ಇಂಥದೇ ಅಂಗಳದಲ್ಲಿ, ಇಂಥದೇ ಒಬ್ಬ ಜೊತೆಗಾರನ ಬಾಯಿಂದ.

ತಂದೆಗೆ ಬುದ್ಧಿಭ್ರಮಣೆಯಾಗಿ ಆಸ್ಪತ್ರೆ ಸೇರಿದರು, 1896ರಲ್ಲಿ ತೀರಿಕೊಂಡರು. ಆಸ್ತಿ ಕರಗಿತು. ಹೆನ್ರಿಕ್ ಮನೆಪಾಠ ಹೇಳಿ ಸಂಸಾರ ತೂಗಿಸುತ್ತ ವೈದ್ಯಶಾಸ್ತ್ರ ಓದಿ, 1905ರಲ್ಲಿ ಡಾಕ್ಟರಾದರು. ರಷ್ಯ ಜಪಾನುಗಳ ಯುದ್ಧದಲ್ಲಿ ಸೈನ್ಯದ ವೈದ್ಯರಾಗಿ ದುಡಿದು ಬಂದು, ವಾರ್ಸಾದ ಯೆಹೂದ್ಯ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. ಆ ವೇಳೆಗೆ ಲೇಖಕರೆಂದೂ ಹೆಸರಾಗಿತ್ತು. ಹಣ, ಕೀರ್ತಿ ಎರಡೂ ಬರುವಂತಿದ್ದ ಸಮಯದಲ್ಲಿ ಆಸ್ಪತ್ರೆ ಬಿಟ್ಟು, 1912ರಲ್ಲಿ ಕ್ರೊಖ್‌ಮಾಲ್ನಾ ಎಂಬ ಬಡವರ ಬೀದಿಯ 92ನೆಯ ನಂಬರಿನಲ್ಲಿ ಕಟ್ಟಿದ ಅನಾಥ ಮಕ್ಕಳ ಮನೆಗೆ ಮುಖ್ಯಸ್ಥರಾಗಿ ಹೋದರು. ಅಲ್ಲಿ ಸುಮಾರು ನೂರು ಯೆಹೂದ್ಯ ಮಕ್ಕಳು. ಮನೆಯ ದಿನದಿನದ ಭಾರವನ್ನೆಲ್ಲ ಹೊತ್ತವರು ಸ್ತೆಫಾನಿಯ ವಿಲ್ಚಿನ್ಸ್ಕ ಎಂಬ ಮಹಿಳೆ. ಡಾಕ್ಟರಿಗೆ ಬಂದ ಕೀರ್ತಿಯಲ್ಲಿ ಅರ್ಧಪಾಲು ಈಕೆಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಊಟದ ಲೆಕ್ಕ, ಬಟ್ಟೆಯ ಲೆಕ್ಕ, ಜ್ವರದ ರಾತ್ರಿಗಳ ಲೆಕ್ಕ ಇಟ್ಟವರು ಆಕೆ.

ಆ ಮನೆಯ ವಿದ್ಯಾರ್ಥಿ ಜೀವನ ಓದಿದರೆ ಹಾಸ್ಟೆಲಿನಲ್ಲಿರುವ ನಮಗೆ ಹೊಟ್ಟೆಕಿಚ್ಚಾಗುತ್ತದೆ. ಮಕ್ಕಳು ಹಗಲು ಹೊರಗಿನ ಶಾಲೆಗಳಿಗೆ ಹೋಗಿ ಓದಿ ಬರುತ್ತಿದ್ದರು. ಗುಡಿಸುವುದು, ತಟ್ಟೆ ಬಡಿಸುವುದು, ಆಲೂಗಡ್ಡೆ ಸುಲಿಯುವುದು, ಎಲ್ಲವೂ ಮಕ್ಕಳ ಸರದಿ. ಹೊಸದಾಗಿ ಬಂದ ಮಗುವನ್ನು ಮೂರು ತಿಂಗಳ ಕಾಲ ಒಬ್ಬ ಹಿರಿಯ ಹುಡುಗನೋ ಹುಡುಗಿಯೋ ಕೈಹಿಡಿದು ನಡೆಸಬೇಕು. ಚಳಿಗಾಲದಲ್ಲಿ ಗಂಟೆ ಹೊಡೆದ ಕೂಡಲೆ ಏಳುವುದನ್ನು ರೂಢಿಸಿಕೊಂಡವರಿಗೆ ಚಳಿಗಾಲದ ಚಿತ್ರವಿರುವ ಕಾರ್ಡೊಂದು ಬಹುಮಾನ. ಕೆಟ್ಟ ಚಾಳಿ ಬಿಡಬೇಕೆನ್ನುವವರು ಡಾಕ್ಟರೊಡನೆ ಪಂಥ ಕಟ್ಟಬಹುದು: ಈ ವಾರ ಇಷ್ಟೇ ಸಲ ಬೈಯುತ್ತೇನೆ, ಇಷ್ಟೇ ಸಲ ಜಗಳವಾಡುತ್ತೇನೆ ಎಂದು. ಗೆದ್ದರೆ ಮಿಠಾಯಿ. ಒಮ್ಮೆಗೇ ಪೂರ್ತಿ ಬಿಡುತ್ತೇನೆಂದು ಹೇಳುವವರನ್ನು ಅವರು ನಂಬುತ್ತಿರಲಿಲ್ಲ, ಸ್ವಲ್ಪಸ್ವಲ್ಪವಾಗಿ ಇಳಿಸೆನ್ನುತ್ತಿದ್ದರು.

ಹಬ್ಬಗಳ ವಿಷಯ ಹೇಳಲೇಬೇಕು. ಶುಕ್ರವಾರ ಸಂಜೆ ಯೆಹೂದ್ಯರ ವಾರದ ಹಬ್ಬ ಶುರು. ಮಕ್ಕಳೆಲ್ಲ ಮಿಂದು, ಮಡಿಬಟ್ಟೆ ತೊಟ್ಟು, ಊಟ ಮುಗಿಸಿ ಡಾಕ್ಟರ ಸುತ್ತ ಕೂಡುವರು. ಅವರು ಕಥೆ ಹೇಳುವರು. ಬೂಟು ತೊಟ್ಟ ಬೆಕ್ಕಿನ ಕಥೆ ಅವರಿಗೆ ಬಲು ಪ್ರಿಯ. ಶನಿವಾರ ಬೆಳಗ್ಗೆ ಮನೆಯ ವಾರಪತ್ರಿಕೆಯ ವಾಚನ. ಇವುಗಳ ಜೊತೆಗೆ ಮನೆಯದೇ ಆದ ಪಂಚಾಂಗವೊಂದಿತ್ತು. ಮಕ್ಕಳ ಪಾರ್ಲಿಮೆಂಟು ಮಂಜೂರು ಮಾಡಿದ ವಿಶೇಷ ದಿನಗಳು ಅದರಲ್ಲಿ! ವರ್ಷದಲ್ಲಿ ಮೊದಲ ಹಿಮ ಬಿದ್ದ ದಿನ ಒಂದು ಹಬ್ಬ. ಡಿಸೆಂಬರ್ 22 ಹಗಲು ತೀರ ಚಿಕ್ಕದು. ಅಂದು ಇಷ್ಟವಿಲ್ಲದವರು ಹಾಸಿಗೆ ಬಿಟ್ಟು ಏಳಬೇಕಾಗಿಲ್ಲ. ಜೂನ್ 22ರ ರಾತ್ರಿ ತೀರ ಚಿಕ್ಕದು. ಅಂದು ಮಲಗಲೇಬೇಕೆಂಬ ಕಟ್ಟುಪಾಡಿಲ್ಲ. ಹಿಮ ನಮ್ಮಲ್ಲಿ ಬೀಳದು. ಆದರೆ ಮುಂಗಾರಿನ ಮೊದಲ ಮಳೆಗೆ ಶಾಲೆ ಬಿಟ್ಟು ತೋಟಕ್ಕೆ ಓಡಿ ಬೈಸಿಕೊಂಡವರು ನಮ್ಮಲ್ಲಿ ಯಾರಿಲ್ಲ?

ಪಾರ್ಲಿಮೆಂಟು ಎಂದೊಡನೆ ನಮ್ಮ ಪ್ರಾಥಮಿಕ ಶಾಲೆಗಳ ಮಂತ್ರಿಮಂಡಲ ನೆನಪಾದೀತು. ಅಲ್ಲಿ ನಾನೂ ಒಂದು ವರ್ಷ ನೀರಿನ ಮಂತ್ರಿಯಾಗಿದ್ದೆ. ಡ್ರಮ್ಮು ತುಂಬಿಸುವುದೇ ನನ್ನ ಖಾತೆ. ಕೊರ್ಚಾಕರ ಮನೆಯ ವ್ಯವಸ್ಥೆ ಈ ಬಗೆಯದಲ್ಲ. ಅದರ ನಡುಗಂಬ ಮಕ್ಕಳ ನ್ಯಾಯಾಲಯ.

ವಾರಕ್ಕೊಮ್ಮೆ ಅದು ಸೇರುತ್ತಿತ್ತು. ಆ ವಾರ ಯಾರ ಮೇಲೆ ದೂರಿಲ್ಲವೋ ಅಂಥ ಮಕ್ಕಳ ಹೆಸರನ್ನು ಚೀಟಿ ಎತ್ತಿ ಐವರನ್ನು ನ್ಯಾಯಾಧೀಶರನ್ನಾಗಿ ಕೂರಿಸುವರು. ದೊಡ್ಡವರೊಬ್ಬರು ಗುಮಾಸ್ತೆಯಂತೆ ಬರೆದುಕೊಳ್ಳಬೇಕು, ಅವರಿಗೆ ಮತವಿಲ್ಲ. ದೂರು ಯಾರು ಯಾರ ಮೇಲೆ ಬೇಕಾದರೂ ಕೊಡಬಹುದು. ಕಾನೂನಿನ ಪುಸ್ತಕವನ್ನು ಡಾಕ್ಟರೇ ಬರೆದರು. ಅದರ ವಿಚಿತ್ರ ನೋಡಿ: ಒಂದರಿಂದ ತೊಂಬತ್ತೊಂಬತ್ತರವರೆಗಿನ ಕಲಮುಗಳೆಲ್ಲ ಬಿಡುಗಡೆಗೋ ಕ್ಷಮೆಗೋ ಸಂಬಂಧಿಸಿದವು. ಗೊತ್ತಿಲ್ಲದೆ ಮಾಡಿದ, ಹೆದರಿ ಮಾಡಿದ, ಪಶ್ಚಾತ್ತಾಪಪಟ್ಟ, ಹೀಗೆ ಕ್ಷಮಿಸಲು ಎಷ್ಟು ಕಾರಣಗಳುಂಟೋ ಅಷ್ಟು. ಶಿಕ್ಷೆ ಆರಂಭವಾಗುವುದು ನೂರನೆಯ ಕಲಮಿನಿಂದ. ಅದೂ ಎಂಥ ಶಿಕ್ಷೆ? ನೂರು ಎಂದರೆ ಈತ ಮಾಡಿದ್ದು ನಿಜ, ಕ್ಷಮಿಸಲಾರೆವು ಎಂದಷ್ಟೇ. ಇನ್ನೂರು ಎಂದರೆ ಮಾಡಿದ್ದು ತಪ್ಪು. ಏರುತ್ತ ಹೋಗಿ ಐನೂರಾದರೆ ಹೆಸರು ವಾರಪತ್ರಿಕೆಯಲ್ಲಿ ಬರುವುದು. ಕೊನೆಯದಾದ ಸಾವಿರಕ್ಕೆ ಮಾತ್ರ ಮನೆಯಿಂದ ಹೊರಹಾಕುವುದು. ಬೆತ್ತವಿಲ್ಲ, ಊಟ ನಿಲ್ಲಿಸುವುದಿಲ್ಲ.

ಈ ಕೋರ್ಟು ಸರಾಗವಾಗಿ ನಡೆಯಿತೆಂದು ಯಾರೂ ತಿಳಿಯಬಾರದು. ಮಕ್ಕಳು ಗೇಲಿ ಮಾಡಿದರು, ತೀರ್ಪನ್ನು ಲೆಕ್ಕಕ್ಕಿಡಲಿಲ್ಲ. ಒಮ್ಮೆ ಅದನ್ನು ನಾಲ್ಕು ವಾರ ಮುಚ್ಚಿಯೇಬಿಟ್ಟರು. ಮತ್ತೆ ತೆರೆದಾಗ ಸೇರಿಸಿದ ಸುಧಾರಣೆಗಳಲ್ಲಿ ಒಂದು, ದೊಡ್ಡವರನ್ನೂ ಮಕ್ಕಳು ಕೋರ್ಟಿಗೆ ಎಳೆಯಬಹುದೆಂಬುದು. ಡಾಕ್ಟರಂತೂ ಆರು ತಿಂಗಳಲ್ಲಿ ಐದು ಸಲ ತಮ್ಮ ಮೇಲೆ ತಾವೇ ದೂರು ಬರೆದುಕೊಂಡು ಮಕ್ಕಳ ಮುಂದೆ ನಿಂತರು. ಒಬ್ಬ ಹುಡುಗನ ಕೆನ್ನೆಗೆ ಹೊಡೆದದ್ದು ಒಂದು; ಒಬ್ಬ ನ್ಯಾಯಾಧೀಶನನ್ನು ಅವಮಾನಿಸಿದ್ದು ಇನ್ನೊಂದು. ಒಬ್ಬ ಹುಡುಗಿಯ ಮೇಲೆ ಕಳವಿನ ಆರೋಪ ಹೊರಿಸಿದ್ದು ಮತ್ತೊಂದು.

ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ಕಾರಣ ಹೇಳುತ್ತೇನೆ. ಹಿಂದೆ ನಾನಿದ್ದ ಒಂದು ಹಾಸ್ಟೆಲಿನಲ್ಲಿ, ಅದರ ಹೆಸರು ಬೇಡ, ಒಬ್ಬ ಹುಡುಗನ ಕೈಗಡಿಯಾರ ಕಾಣೆಯಾಯಿತು. ಕೋಣೆಯಲ್ಲಿ ಹನ್ನೊಂದು ಪೆಟ್ಟಿಗೆಗಳಿದ್ದವು. ಮೊದಲು ತೆಗೆಸಿದ್ದು ನನ್ನದು. ಅದರಲ್ಲಿದ್ದ ಎರಡು ಅಂಗಿ, ಅವ್ವ ಕಟ್ಟಿಕೊಟ್ಟಿದ್ದ ಹುರಿಹಿಟ್ಟು, ಮುರಿದ ಕೊಬ್ಬರಿ ಬಟ್ಟಲು, ಎಲ್ಲವನ್ನೂ ನೆಲಕ್ಕೆ ಸುರಿದು ನೋಡಿದರು. ಉಳಿದ ಪೆಟ್ಟಿಗೆಗಳನ್ನು ತೆಗೆಯಲಿಲ್ಲ. ಒಂದು ವಾರ ನನ್ನ ಜೊತೆ ಯಾರೂ ಊಟಕ್ಕೆ ಕೂರಲಿಲ್ಲ. ಆಮೇಲೆ ಗಡಿಯಾರ ಅವನದೇ ಬಕೀಟಿನೊಳಗೆ, ಒಗೆಯಲು ನೆನೆಸಿದ್ದ ಷರಾಯಿಯ ಜೇಬಿನಲ್ಲಿ ಸಿಕ್ಕಿತು. ಎಲ್ಲರೂ ನಕ್ಕರು. ತಪ್ಪಾಯಿತೆಂದು ಹಿರಿಯರೂ ಹೇಳಲಿಲ್ಲ, ಹುಡುಗರೂ ಹೇಳಲಿಲ್ಲ. ಅಪ್ಪನಿಗೆ ಇದನ್ನು ನಾನು ಈವರೆಗೆ ತಿಳಿಸಿಲ್ಲ. ಒಂದು ದೊಡ್ಡ ಮನೆಯ ಯಜಮಾನರು, ದೇಶಕ್ಕೆ ಹೆಸರಾದ ವೈದ್ಯರು, ಅನಾಥ ಹುಡುಗಿಯೊಬ್ಬಳ ಮೇಲೆ ಇಂಥದೇ ಮಾತಾಡಿ, ಅದು ತಪ್ಪೆಂದು ತಾವೇ ಬರೆದುಕೊಟ್ಟು ಐವರು ಮಕ್ಕಳ ಮುಂದೆ ನಿಂತರೆಂಬುದನ್ನು ಓದಿ ನನಗೆ ಏನಾಯಿತೆಂದು ವಿವರಿಸಲಾರೆ.

ಕೊರ್ಚಾಕರ ಉಳಿದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. 1920ರಲ್ಲಿ ಅವರಿಗೆ ಟೈಫಸ್ ಜ್ವರ ಬಂದಿತು. ಶುಶ್ರೂಷೆ ಮಾಡಿದ ತಾಯಿ ಅದೇ ಜ್ವರದಿಂದ ತೀರಿಕೊಂಡರು. ಇದು ಅವರನ್ನು ಜೀವಮಾನವೆಲ್ಲ ಕಾಡಿತು. ಮದುವೆಯಾಗಲಿಲ್ಲ. ಮಗುವೊಂದು ದೊರೆಯಾಗಿ ರಾಜ್ಯಭಾರ ಮಾಡುವ ಮಾಚ್ಯುಶ್ ರಾಜನ ಕಥೆ 1923ರ ಸುಮಾರಿಗೆ ಬಂದು ಮನೆಮಾತಾಯಿತು. 1926ರಲ್ಲಿ ಮಕ್ಕಳೇ ಬರೆಯುವ ಪತ್ರಿಕೆಯೊಂದನ್ನು ಹೊರಡಿಸಿದರು. ಶುಕ್ರವಾರಗಳಂದು ದೊಡ್ಡವರ ದಿನಪತ್ರಿಕೆಯೊಂದರ ಜೊತೆಗೆ ಅದು ಬರುತ್ತಿತ್ತು. ಮುಂದೆ ರೇಡಿಯೋದಲ್ಲಿ ಮಾತನಾಡತೊಡಗಿದಾಗ ಯೆಹೂದ್ಯರ ಹೆಸರು ಹೇಳುವಂತಿರಲಿಲ್ಲವಾಗಿ, ಮುದಿ ಡಾಕ್ಟರು ಎಂಬ ಹೆಸರಿನಿಂದಲೇ ಜನ ಅವರನ್ನು ಕೇಳಿದರು, ಮೆಚ್ಚಿದರು.

1939ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಸೈನ್ಯ ಪೋಲೆಂಡನ್ನು ಹೊಕ್ಕಿತು. ಮರುವರ್ಷ ವಾರ್ಸಾದ ಯೆಹೂದ್ಯರನ್ನೆಲ್ಲ ಒಂದು ಕೇರಿಗೆ ನೂಕಿ ಸುತ್ತ ಗೋಡೆ ಕಟ್ಟಿದರು. ಕೇರಿಯೆಂದರೇನೆಂದು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿಂದ ಹೊರಬಂದರೆ ಮರಣದಂಡನೆ. ಅನಾಥರ ಮನೆಯೂ ಕ್ರೊಖ್‌ಮಾಲ್ನಾ ಬೀದಿ ಬಿಟ್ಟು ಗೋಡೆಯೊಳಗೆ ಹೋಗಬೇಕಾಯಿತು. ಹೋಗುವ ದಾರಿಯಲ್ಲಿ ಮಕ್ಕಳ ಆಲೂಗಡ್ಡೆಯ ಗಾಡಿಯನ್ನು ಕಸಿದುಕೊಂಡರು. ಅದನ್ನು ಕೇಳಲು ಹೋದ ಡಾಕ್ಟರನ್ನು ಒಂದು ತಿಂಗಳು ಜೈಲಿನಲ್ಲಿಟ್ಟರು. ತೋಳಿಗೆ ಯೆಹೂದ್ಯರ ಗುರುತಿನ ಪಟ್ಟಿ ಕಟ್ಟಿರಲಿಲ್ಲವೆಂಬುದು ಅಪರಾಧ. ಬಿಟ್ಟ ಮೇಲೆ, ಅರುವತ್ತು ದಾಟಿದ ಆ ರೋಗಿಷ್ಠ ಮುದುಕರು ದಿನವೂ ಚೀಲ ಹಿಡಿದು ಮನೆಮನೆಗೆ ಅಲೆದು ಸುಮಾರು ಇನ್ನೂರು ಮಕ್ಕಳಿಗೆ ಕಾಳುಕಡ್ಡಿ ತಂದರು. ಮನೆಯೊಳಗೆ ಕೋರ್ಟೂ ನಡೆಯಿತು, ಪಾಠವೂ ನಡೆಯಿತು.

ಆ ದಿನಗಳಲ್ಲಿಯೇ ಡಾಕ್‌ಘರ್ ಆಡಿದ್ದು. ಅಮಲನೆಂಬ ಹುಡುಗ ಕಾಯಿಲೆಯವನು. ಹೊರಗೆ ಕಾಲಿಡಕೂಡದೆಂದು ವೈದ್ಯರ ಕಟ್ಟಳೆ. ಕಿಟಕಿಯಲ್ಲಿ ಕುಳಿತು ಮೊಸರು ಮಾರುವವನನ್ನೂ ಕಾವಲಿನವನನ್ನೂ ಹೂ ಹುಡುಗಿಯನ್ನೂ ಮಾತನಾಡಿಸುತ್ತಾನೆ. ಎದುರಿಗೆ ರಾಜನ ಅಂಚೆಮನೆ. ತನಗೊಂದು ಕಾಗದ ಬರುತ್ತದೆಂದು ಕಾಯುತ್ತಾನೆ. ಕೊನೆಗೆ ರಾಜವೈದ್ಯರು ಬಂದು ಬಾಗಿಲು ಕಿಟಕಿಗಳನ್ನೆಲ್ಲ ತೆರೆಸುತ್ತಾರೆ. ಹುಡುಗ ನಿದ್ರೆ ಹೋಗುತ್ತಾನೆ. ಠಾಕೂರರು ತೀರಿಕೊಂಡು ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ಈ ನಾಟಕವನ್ನೇ ಆರಿಸಿದ್ದು ಏತಕ್ಕೆಂದು ಕೇಳಿದವರಿಗೆ, ಮಕ್ಕಳು ಸಾವನ್ನು ಹೆದರದೆ ಬರಮಾಡಿಕೊಳ್ಳಲು ಕಲಿಯಲೆಂದು ಡಾಕ್ಟರು ತಿಳಿಸಿದರಂತೆ. ನಾವು ನಕ್ಕು ತಳ್ಳಿಹಾಕಿದ ನಾಟಕ ಇದು.

ನಾಲ್ಕು ದಿನ ಕಳೆದು, ಜುಲೈ 22ರಂದು, ಅವರ ಹುಟ್ಟಿದ ದಿನವೇ, ಕೇರಿಯ ಜನರನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾ ಎಂಬ ಕೊಲೆಗಾರ ಶಿಬಿರಕ್ಕೆ ಸಾಗಿಸುವುದು ಆರಂಭವಾಯಿತು. ಗೋಡೆಯಾಚೆಯ ಸ್ನೇಹಿತರು ಕೊರ್ಚಾಕರನ್ನು ಪಾರುಮಾಡಲು ಸಿದ್ಧರಿದ್ದರು. ಅವರು ಒಪ್ಪಲಿಲ್ಲ. ಆಗಸ್ಟ್ 5ರಂದು, ಕೆಲವರ ಲೆಕ್ಕದಲ್ಲಿ 6ರಂದು, ಮಕ್ಕಳ ಸರದಿ ಬಂದಿತು. ಮಕ್ಕಳನ್ನು ಸಾಲುಹಿಡಿಸಿ ಡಾಕ್ಟರು ಮುಂದೆ ನಡೆದರು. ಸ್ತೆಫಾನಿಯ ಮತ್ತು ಉಳಿದ ಉಪಾಧ್ಯಾಯರೂ ಬಿಟ್ಟುಹೋಗಲಿಲ್ಲ. ಅವರಲ್ಲಿ ಒಬ್ಬರೂ ಹಿಂದಿರುಗಲಿಲ್ಲ. ಟ್ರೆಬ್ಲಿಂಕಾದಲ್ಲಿ ಇಂದು ಸುಮಾರು 17,000 ಕಲ್ಲುಗಳನ್ನು ನೆಟ್ಟಿದ್ದಾರೆ. ಒಬ್ಬ ವ್ಯಕ್ತಿಯ ಹೆಸರು ಇರುವುದು ಒಂದೇ ಕಲ್ಲಿನ ಮೇಲೆ, ಅದು ಕೊರ್ಚಾಕರದು.

ಕೊನೆಯ ತಿಂಗಳುಗಳಲ್ಲಿ ಅವರು ರಾತ್ರಿ ಹೊತ್ತು ದಿನಚರಿ ಬರೆಯುತ್ತಿದ್ದರು. ಅದನ್ನು ಗೋಡೆಯಲ್ಲಿ ಹುದುಗಿಸಿಟ್ಟು ಉಳಿಸಿದರು, 1958ರಲ್ಲಿ ಅಚ್ಚಾಯಿತು. ಅದರ ಕಡೆಯ ಬರೆವಣಿಗೆ ಆಗಸ್ಟ್ 4ರದು. ಬೆಳಗ್ಗೆ ಅವರು ಕಿಟಕಿಯ ಬಳಿ ಹೂಗಿಡಗಳಿಗೆ ನೀರು ಹಾಕುತ್ತಿದ್ದಾರೆ. ಹೊರಗೆ ಬಂದೂಕು ಹಿಡಿದ ಜರ್ಮನ್ ಕಾವಲಿನವನು ಕಾಲು ಅಗಲಿಸಿ ನಿಂತು ನೋಡುತ್ತಿದ್ದಾನೆ. ತಮ್ಮ ಬೋಳುತಲೆ ಗುರಿಯಿಡಲು ಎಷ್ಟು ಅನುಕೂಲವಾಗಿದೆಯೆಂದು ಅವರು ಬರೆಯುತ್ತಾರೆ. ಆಮೇಲೆ ಆ ಸಿಪಾಯಿಯ ವಿಷಯ ಯೋಚಿಸುತ್ತಾರೆ: ಯುದ್ಧಕ್ಕೆ ಮುಂಚೆ ಈತ ಯಾವುದಾದರೂ ಹಳ್ಳಿಯಲ್ಲಿ ಮೇಷ್ಟರಾಗಿದ್ದನೇನೋ ಎಂದು.