ಶೋಕವನ್ನು ಶಾಂತಿಯಾಗಿಸಿದ ಮಹಾಶ್ರಾವಿಕೆ ದಾನಚಿಂತಾಮಣಿ ಅತ್ತಿಮಬ್ಬೆ

ನೂತನ ಜಿನಬಿಂಬವು ಬಸದಿಯ ಗರ್ಭಗೃಹದಲ್ಲಿ ಪ್ರತಿಷ್ಠಾಪನೆಗೊಳ್ಳುವ ಪುಣ್ಯ ಸಂದರ್ಭದಲ್ಲಿ ಕನ್ನಡ ನಾಡಿನ ಶ್ರಾವಕ ಸಮಾಜವು ಭಕ್ತಿಯಿಂದ ಸ್ಮರಿಸಬೇಕಾದ ಹೆಸರು ದಾನಚಿಂತಾಮಣಿ ಅತ್ತಿಮಬ್ಬೆಯದು. ಆಕೆ ಕಟ್ಟಿಸಿದ ಜಿನಾಲಯ, ಮಾಡಿಸಿದ ಬಿಂಬಗಳು, ಬರೆಯಿಸಿದ ಗ್ರಂಥಗಳು ಸರ್ವವಿದಿತವಾಗಿವೆ. ಆದರೆ ಆ ದಾನಪರಂಪರೆಯ ಹಿಂದೆ ಇದ್ದ ದಾರುಣ ದುಃಖವನ್ನೂ, ಆ ದುಃಖವನ್ನು ಎದೆಯಲ್ಲಿಟ್ಟುಕೊಂಡು ಆ ಮಹಾತಾಯಿ ಬಾಳಿದ ರೀತಿಯನ್ನೂ ನೆನೆಯುವವರು ವಿರಳ. ಆಕೆಯ ಜೀವನದ ಸಾರವಿರುವುದು ಅಲ್ಲಿಯೇ.

ಕ್ರಿಸ್ತಶಕ ಹತ್ತನೆಯ ಶತಮಾನದಲ್ಲಿ ವೆಂಗಿ ಮಂಡಲದ ಕಮ್ಮೆನಾಡಿನ ಪುಂಗನೂರಿನಲ್ಲಿ ನಾಗಮಯ್ಯನೆಂಬ ಜಿನಭಕ್ತನಿದ್ದನು. ಆತನಿಗೆ ಮಲ್ಲಪಯ್ಯ, ಪುನ್ನಮಯ್ಯ ಎಂಬ ಇಬ್ಬರು ಪುತ್ರರು. ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣಾರ್ಥವಾಗಿ ಈ ಸಹೋದರರು ಪೊನ್ನ ಕವಿಯಿಂದ ಹದಿನಾರನೆಯ ತೀರ್ಥಂಕರರ ಚರಿತ್ರೆಯಾದ ಶಾಂತಿಪುರಾಣವನ್ನು ರಚಿಸಿಸಿದರು. ಮಲ್ಲಪಯ್ಯನ ಮಗಳೇ ಅತ್ತಿಮಬ್ಬೆ. ಗುಂಡಮಬ್ಬೆ ಆಕೆಯ ತಂಗಿ. ಶಾಸ್ತ್ರಶ್ರವಣವೂ ಗುರುಭಕ್ತಿಯೂ ನಿತ್ಯದ ನಡೆಯಾಗಿದ್ದ ಮನೆಯಲ್ಲಿ ಅಕ್ಕತಂಗಿಯರು ಬೆಳೆದರು.

ಆ ಕಾಲದಲ್ಲಿ ಕರ್ಣಾಟಕದ ರಾಜ್ಯಲಕ್ಷ್ಮಿಯು ಕೈ ಬದಲಾಯಿಸುತ್ತಿದ್ದಳು. ೯೭೩ರಲ್ಲಿ ಆಹವಮಲ್ಲ ತೈಲಪನು ರಾಷ್ಟ್ರಕೂಟರ ಆಳಿಕೆಯನ್ನು ಕೊನೆಗಾಣಿಸಿ ಚಾಲುಕ್ಯ ರಾಜ್ಯವನ್ನು ಮರಳಿ ಸ್ಥಾಪಿಸಿದನು. ಅವನ ಮಂತ್ರಿಯಾದ ಧಲ್ಲಪನ ಮಗ ನಾಗದೇವನು ಶೂರನೆಂದು ಹೆಸರಾದವನು. ಅಂದಿನ ಪದ್ಧತಿಯಂತೆ ಅಕ್ಕತಂಗಿಯರಿಬ್ಬರನ್ನೂ ನಾಗದೇವನಿಗೇ ವಿವಾಹ ಮಾಡಿಕೊಡಲಾಯಿತು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಪುತ್ರನು ಜನಿಸಿದನು. ಐಶ್ವರ್ಯ, ಅಧಿಕಾರ, ಪತಿಪ್ರೇಮ, ಪುತ್ರಲಾಭ ಎಲ್ಲವೂ ಒಂದೆಡೆ ಕೂಡಿದ್ದವು.

ಸಂಸಾರದ ಸುಖವು ಎಷ್ಟು ಅಸ್ಥಿರವೆಂಬುದು ಬೇಗನೆ ತಿಳಿಯಿತು. ನಾಗದೇವನು ಅಕಾಲದಲ್ಲಿ ಕಾಲವಶನಾದನು. ವಿಯೋಗವನ್ನು ತಾಳಲಾರದೆ ಗುಂಡಮಬ್ಬೆಯು ಪತಿಯೊಡನೆ ಚಿತೆಯನ್ನೇರಿದಳು. ಪತಿಯ ಅಗಲಿಕೆಯೇ ಸಹಿಸಲಸಾಧ್ಯವಾಗಿದ್ದಾಗ ಒಡಹುಟ್ಟಿದ ತಂಗಿಯೂ ಅದೇ ಉರಿಯಲ್ಲಿ ಬೂದಿಯಾದಳು. ಮಡಿಲಲ್ಲಿ ಮಗು, ಎದುರಿಗೆ ಬರಿದಾದ ಮನೆ. ಅತ್ತಿಮಬ್ಬೆಯು ಉಳಿದಳು. ಬೆಂಕಿಯ ದುಃಖವು ಒಂದು ಗಳಿಗೆಯದು. ಉಳಿದವರ ದುಃಖವು ದಿನದಿನದ್ದು, ಬೆಳಗಾದೊಡನೆ ಮತ್ತೆ ಹೊಸದಾಗಿ ಹುಟ್ಟುವಂಥದ್ದು. ಆ ಕಠಿಣವಾದ ದಾರಿಯನ್ನೇ ಆಕೆ ಹಿಡಿದಳು.

ಶೋಕವನ್ನು ಜೈನಾಗಮವು ಕಡೆಗಣಿಸಿಲ್ಲ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳ ಜೊತೆಗೆ ಒಂಬತ್ತು ನೋಕಷಾಯಗಳನ್ನು ಹೇಳಿ, ಅವುಗಳಲ್ಲಿ ಅರತಿ, ಶೋಕ, ಭಯಗಳನ್ನು ಸೇರಿಸಿದೆ. ಅಗಲಿದ ಪ್ರಿಯರನ್ನು ಮತ್ತೆ ಪಡೆಯಬೇಕೆಂದು ಹಗಲಿರುಳೂ ಹಂಬಲಿಸಿ ಕೊರಗುವುದನ್ನು ಇಷ್ಟವಿಯೋಗಜ ಆರ್ತಧ್ಯಾನವೆಂದು ಕರೆದಿದೆ. ಶೋಕವು ಕರ್ಮದ ಉದಯದಿಂದ ಬರತಕ್ಕದ್ದು. ಬಂದುದನ್ನು ಬಾರದೆಂದು ತಡೆಯಲಾಗದು. ಅದರೊಡನೆ ಸೆಣಸಿದರೆ, ಅಥವಾ ಅದರಲ್ಲಿಯೇ ಮುಳುಗಿದರೆ ಹೊಸ ಬಂಧವಾಗುತ್ತದೆ. ಅದು ಬಂದುದನ್ನು ಅರಿತು, ಸಮಭಾವದಿಂದ ಕುಳಿತು ಸಹಿಸಿದರೆ ಅದೇ ಕರ್ಮವು ನಿರ್ಜರೆಯಾಗಿ ಕಳಚಿಹೋಗುತ್ತದೆ.

ಇದಕ್ಕಾಗಿಯೇ ಶ್ರಾವಕರಿಗೆ ಸಾಮಾಯಿಕವನ್ನು ವಿಧಿಸಿರುವುದು. ಎರಡು ಘಳಿಗೆ, ಅಂದರೆ ೪೮ ನಿಮಿಷಗಳ ಕಾಲ ವ್ಯವಹಾರವನ್ನೆಲ್ಲ ಬಿಟ್ಟು ಕುಳಿತಾಗ ಮನಸ್ಸಿನಲ್ಲಿ ಅಡಗಿದ್ದ ದುಃಖ, ಕೋಪ, ಅಂಜಿಕೆಗಳು ತಾವಾಗಿ ಮೇಲೆದ್ದು ಬರುತ್ತವೆ. ಸಾಧಕನು ಅವುಗಳಿಂದ ಓಡಿಹೋಗುವುದಿಲ್ಲ, ಅವುಗಳನ್ನು ಕರೆದು ಮುದ್ದಿಸುವುದೂ ಇಲ್ಲ. ಇವು ಬಂದಿವೆ, ಹೋಗತಕ್ಕವು, ತಿಳಿಯುವ ಆತ್ಮವು ಇವುಗಳಿಂದ ಭಿನ್ನವಾದುದು ಎಂದು ನೋಡುತ್ತ ಕುಳಿತಿರುತ್ತಾನೆ. ಅನಿತ್ಯ, ಅಶರಣ, ಏಕತ್ವ ಮೊದಲಾದ ಹನ್ನೆರಡು ಅನುಪ್ರೇಕ್ಷೆಗಳು ಆ ಹೊತ್ತಿಗೆ ಊರುಗೋಲಾಗುತ್ತವೆ.

ಅತ್ತಿಮಬ್ಬೆಯು ಅಂತರಂಗದಲ್ಲಿ ಏನನ್ನು ಅನುಭವಿಸಿದಳೆಂಬುದು ಆಕೆಯ ಆತ್ಮಕ್ಕೇ ಗೊತ್ತು. ಆದರೆ ಮರವನ್ನು ಫಲದಿಂದ ಅರಿಯಬಹುದು. ಆಕೆ ವ್ರತೋಪವಾಸಗಳಿಂದ ದೇಹವನ್ನು ಕೃಶಗೊಳಿಸಿ, ಮಗನನ್ನು ಸಾಕಿ ಬೆಳೆಸಿದಳು. ಶೋಕವು ಕಹಿಯಾಗಿ ಉಳಿದಿದ್ದರೆ ಕೈ ಮುಚ್ಚಿಕೊಳ್ಳುತ್ತಿತ್ತು. ಆಕೆಯ ಕೈ ತೆರೆಯಿತು.

ತಂದೆಯೂ ಚಿಕ್ಕಪ್ಪನೂ ಬರೆಯಿಸಿದ ಶಾಂತಿಪುರಾಣದ ೧,೦೦೦ ಪ್ರತಿಗಳನ್ನು ಆಕೆ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವು ಕನಸಿನಲ್ಲಿಯೂ ಇಲ್ಲದ ಕಾಲವದು. ಒಂದೊಂದು ಗರಿಯ ಮೇಲೆ ಒಂದೊಂದು ಅಕ್ಷರವನ್ನು ಕಬ್ಬಿಣದ ಮೊನೆಯಿಂದ ಕೊರೆದು, ಮಸಿ ಸವರಿ, ಒರೆಸಿ, ಓಲೆಗಳನ್ನು ಜೋಡಿಸಿ ಕಟ್ಟಬೇಕು. ಅವಸರಕ್ಕೆ ಅಲ್ಲಿ ಎಡೆಯಿಲ್ಲ. ಶಾಂತಿನಾಥರ ಚರಿತ್ರೆಯನ್ನು ಸಾವಿರ ಬಾರಿ ಬರೆಯಿಸಿದ ಆ ತಾಯಿಗೆ ಶಾಂತಿಯ ಬೆಲೆ ತಿಳಿದಿದ್ದಿತು. ಬಂಗಾರ ಮತ್ತು ರತ್ನಗಳ ೧,೫೦೦ ಜಿನಬಿಂಬಗಳನ್ನು ಮಾಡಿಸಿ ದಾನ ಮಾಡಿದಳೆಂದೂ ಪ್ರಸಿದ್ಧಿಯಿದೆ.

ಮುಧೋಳದ ಬಳೆಗಾರರ ಕುಲದಲ್ಲಿ ಹುಟ್ಟಿ ಕವಿಚಕ್ರವರ್ತಿಯೆನಿಸಿದ ರನ್ನನಿಗೆ ಆಕೆ ಆಶ್ರಯವಿತ್ತಳು. ೯೯೩ರಲ್ಲಿ ಎರಡನೆಯ ತೀರ್ಥಂಕರರ ಚರಿತ್ರೆಯಾದ ಅಜಿತಪುರಾಣವು ಆಕೆಯ ಪ್ರೇರಣೆಯಿಂದ ಪೂರ್ಣವಾಯಿತು. ರನ್ನನು ಆ ಕೃತಿಯಲ್ಲಿ ಆಕೆಯ ವಂಶವನ್ನೂ ಗುಣಗಳನ್ನೂ ಮನಸಾರೆ ಹೊಗಳಿದನು. ತನ್ನ ಮಗಳಿಗೂ ಅತ್ತಿಮಬ್ಬೆಯೆಂದೇ ಹೆಸರಿಟ್ಟನು. ಕವಿಯೊಬ್ಬನು ಆಶ್ರಯದಾತೆಗೆ ಸಲ್ಲಿಸಬಹುದಾದ ಇದಕ್ಕಿಂತ ಹಿರಿದಾದ ಕಾಣಿಕೆ ಇನ್ನಾವುದಿದ್ದೀತು?

ಇರಿವಬೆಡಂಗ ಸತ್ಯಾಶ್ರಯನು ಆಳುತ್ತಿದ್ದ ೧೦೦೭ರಲ್ಲಿ, ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಆಕೆಯ ಬ್ರಹ್ಮಜಿನಾಲಯಕ್ಕೆ ದತ್ತಿ ದೊರೆತುದನ್ನು ಅಲ್ಲಿನ ಶಾಸನವು ಸಾರುತ್ತದೆ. ಉಕ್ಕಿ ಹರಿಯುತ್ತಿದ್ದ ಗೋದಾವರಿಯು ಆಕೆಯ ಶೀಲದ ಮಹಿಮೆಗೆ ತಗ್ಗಿತೆಂದು ಜನರು ನಂಬಿದ್ದರು. ಗೊಮ್ಮಟೇಶ್ವರನ ದರ್ಶನವಾಗುವವರೆಗೆ ಆಹಾರವನ್ನು ತ್ಯಜಿಸಿ ಶ್ರವಣಬೆಳಗೊಳದ ಬೆಟ್ಟವನ್ನು ಏರಿದಾಗ ಅಕಾಲದಲ್ಲಿ ಮಳೆ ಸುರಿದು ದಣಿವಾರಿಸಿತೆಂದೂ ಹೇಳುವರು. ತನ್ನ ಎದೆಯ ಉರಿಯನ್ನು ತಾನೇ ತಣಿಸಿಕೊಂಡವಳ ವಿಷಯದಲ್ಲಿ ಲೋಕವು ಇಂತಹ ತಂಪಿನ ಕಥೆಗಳನ್ನು ಹೇಳಿದ್ದು ಉಚಿತವೇ ಆಗಿದೆ.

ಸಾವಿರ ವರ್ಷಗಳು ಕಳೆದಿವೆ. ಚಾಲುಕ್ಯರ ಸಿಂಹಾಸನವಿಲ್ಲ, ಧಲ್ಲಪನ ಮನೆಯಿಲ್ಲ. ಲಕ್ಕುಂಡಿಯ ಬಸದಿಯು ನಿಂತಿದೆ. ಕರ್ನಾಟಕ ಸರ್ಕಾರವು ಆಕೆಯ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿ ಗೌರವಿಸಿದೆ. ದುಃಖವಿಲ್ಲದ ಮನೆಯು ಯಾವ ಊರಿನಲ್ಲಿಯೂ ಇಲ್ಲ. ವ್ಯಾಪಾರದ ನಷ್ಟ, ಬಂಧುಗಳ ಅಗಲಿಕೆ, ಮಕ್ಕಳ ಚಿಂತೆ ಇವುಗಳನ್ನು ಹೊತ್ತುಕೊಂಡೇ ಶ್ರಾವಕ ಶ್ರಾವಿಕೆಯರು ಬಸದಿಯ ಮೆಟ್ಟಿಲನ್ನು ಏರುತ್ತಾರೆ. ಅದನ್ನು ಹೊರಗೆ ಬಿಟ್ಟುಬರಬೇಕಾಗಿಲ್ಲ. ಜಿನಬಿಂಬದ ಎದುರಿನಲ್ಲಿ ಎರಡು ಘಳಿಗೆ ಅದರೊಡನೆ ಸುಮ್ಮನೆ ಕುಳಿತರೆ ಸಾಕು. ಪದ್ಮಾಸನದಲ್ಲಿ ನೆಲೆಸಿದ ವೀತರಾಗನ ಮುಖಮುದ್ರೆಯು ಕಲಿಸುವ ಪಾಠವೂ ಅದೇ. ಬಸದಿಯನ್ನು ಕಟ್ಟುವುದು ಪುಣ್ಯಕಾರ್ಯ. ಕಟ್ಟಿದ ಬಸದಿಯಲ್ಲಿ ಕುಳಿತುಕೊಳ್ಳುವುದನ್ನು ಕಲಿತಾಗ ಆ ಕಾರ್ಯವು ಪೂರ್ಣವಾಗುತ್ತದೆ. ದಾನಚಿಂತಾಮಣಿಯ ಸ್ಮರಣೆಯು ಸರ್ವರಿಗೂ ಶಾಂತಿಯನ್ನು ಕರುಣಿಸಲಿ.