ಎಂಜೈಮ್ ಅಂದರೆ ಜೀವಂತ ಹುಳುವೇ? ಒಂದೇ ಕೈಯಲ್ಲಿ ಉತ್ತರ ಹುಡುಕಿದ ಜೇಮ್ಸ್ ಸಮ್ನರ್ ಕಥೆ

ಎಂಜೈಮ್ ಇರುವ ಬಟ್ಟೆ ಪುಡಿಯಲ್ಲಿ ಕಣ್ಣಿಗೆ ಕಾಣದ ಹುಳುಗಳಿರುತ್ತವೆ, ಅವು ಕೊಳೆಯ ಜೊತೆ ಬಟ್ಟೆಯನ್ನೂ ತಿನ್ನುತ್ತವೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇನ್ನೊಂದು ಕಡೆ, ಎಂಜೈಮ್ ತುಂಬಿದ ಪಾನೀಯ ಕುಡಿದರೆ ಜೀವಶಕ್ತಿ ಹೆಚ್ಚುತ್ತದೆ ಎನ್ನುವ ಸಂದೇಶಗಳೂ ಓಡಾಡುತ್ತವೆ. ಎರಡೂ ತಪ್ಪು. ಎರಡರ ಹಿಂದೆಯೂ ಇರುವುದು ಒಂದೇ ನಂಬಿಕೆ: ಎಂಜೈಮ್ ಎಂದರೆ ಏನೋ ಜೀವ ಇರುವಂಥದ್ದು, ಕೈಗೆ ಸಿಗದ ಶಕ್ತಿ.

ನೂರು ವರ್ಷದ ಹಿಂದೆ ಎಂಜೈಮ್ ನಿಜಕ್ಕೂ ಏನು ಎನ್ನುವುದು ದೊಡ್ಡ ವಿಜ್ಞಾನಿಗಳಿಗೂ ಗೊತ್ತಿರಲಿಲ್ಲ. ಅದನ್ನು ಹರಳಿನ ರೂಪದಲ್ಲಿ ಹಿಡಿದು ತೋರಿಸಿದವರು ಅಮೆರಿಕದ ಜೇಮ್ಸ್ ಸಮ್ನರ್. ಅವರಿಗಿದ್ದದ್ದು ಒಂದೇ ಕೈ. ಅವರ ಬದುಕಿನ ಕಥೆ ತಿಳಿದರೆ, ಮೇಲಿನ ಎರಡೂ ಮಾತುಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಬೇಟೆಯಲ್ಲಿ ಹೋದ ಕೈ

ಸಮ್ನರ್ ಹುಟ್ಟಿದ್ದು 1887ರ ನವೆಂಬರ್ 19ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಕ್ಯಾಂಟನ್ ಊರಿನಲ್ಲಿ. 17ನೇ ವಯಸ್ಸಿನಲ್ಲಿ ಹಕ್ಕಿ ಬೇಟೆಗೆ ಹೋಗಿದ್ದಾಗ ಜೊತೆಗಿದ್ದವನ ಬಂದೂಕಿನಿಂದ ಆಕಸ್ಮಿಕವಾಗಿ ಗುಂಡು ತಗುಲಿತು. ಎಡಗೈಯನ್ನು ಮೊಣಕೈಯ ಕೆಳಗೆ ಕತ್ತರಿಸಬೇಕಾಯಿತು. ಅವರು ಎಡಚರಾಗಿದ್ದರು. ಬರೆಯುವುದು, ಉಣ್ಣುವುದು, ಗುಂಡಿ ಹಾಕುವುದು ಎಲ್ಲವನ್ನೂ ಬಲಗೈಗೆ ಹೊಸದಾಗಿ ಕಲಿಸಬೇಕಾಯಿತು. ಕಲಿಸಿದರು. ಟೆನಿಸ್ ಕೂಡ ಬಿಡಲಿಲ್ಲ.

1910ರಲ್ಲಿ ಹಾರ್ವರ್ಡ್‌ನಲ್ಲಿ ರಸಾಯನಶಾಸ್ತ್ರದ ಪದವಿ ಮುಗಿಯಿತು. ಸ್ವಲ್ಪ ದಿನ ಚಿಕ್ಕಪ್ಪನ ಬಟ್ಟೆ ಕಾರ್ಖಾನೆಯಲ್ಲಿ ದುಡಿದರು, ಸ್ವಲ್ಪ ದಿನ ಪಾಠ ಮಾಡಿದರು. 1912ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಆಟೊ ಫೋಲಿನ್ ಎಂಬ ಹೆಸರಾಂತ ಪ್ರಾಧ್ಯಾಪಕರ ಬಳಿ ಸಂಶೋಧನೆಗೆ ಹೋದರು. ಒಂದೇ ಕೈಯವರಿಗೆ ರಸಾಯನಶಾಸ್ತ್ರ ಒಗ್ಗುವುದಿಲ್ಲ, ವಕೀಲಿಕೆ ಓದುವುದು ಒಳ್ಳೆಯದು ಎಂದು ಫೋಲಿನ್ ಬುದ್ಧಿ ಹೇಳಿದರು. ಸಮ್ನರ್ ಕೇಳಲಿಲ್ಲ. ಅದೇ ಫೋಲಿನ್ ಬಳಿ ಎರಡು ವರ್ಷದಲ್ಲಿ ಪಿಎಚ್‌ಡಿ ಮುಗಿಸಿ, 1914ರಲ್ಲಿ ಇಥಾಕಾದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾದರು.

ಹಿಡಿದ ಹಟ

ಎಂಜೈಮ್‌ಗೆ ಕನ್ನಡದಲ್ಲಿ ಕಿಣ್ವ ಎನ್ನುತ್ತೇವೆ. ಜೀವಿಗಳ ಒಳಗೆ ನಡೆಯುವ ರಾಸಾಯನಿಕ ಕೆಲಸಗಳನ್ನು ಅದು ಬೇಗ ಮಾಡಿಸುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ. ಕಿಣ್ವಕ್ಕೆ ಕೆಲಸ ಮಾಡಲು ಜೀವ ಬೇಕಿಲ್ಲ ಎಂದು ಜರ್ಮನಿಯ ಎಡ್ವರ್ಡ್ ಬುಕ್ನರ್ 1897ರಲ್ಲೇ ತೋರಿಸಿದ್ದರು. ಅವರು ಯೀಸ್ಟ್ ಅನ್ನು ಅರೆದು, ಹಿಂಡಿ, ಜೀವಕೋಶವೇ ಇಲ್ಲದ ರಸದಿಂದ ಸಕ್ಕರೆಯನ್ನು ಹುದುಗಿಸಿದ್ದರು.

ಆದರೆ ಆ ರಸದಲ್ಲಿ ಕೆಲಸ ಮಾಡುವ ವಸ್ತು ಯಾವುದು? ಇದಕ್ಕೆ ಉತ್ತರ ಇರಲಿಲ್ಲ.

1917ರಲ್ಲಿ ಸಮ್ನರ್ ಒಂದು ಕಿಣ್ವವನ್ನಾದರೂ ಶುದ್ಧವಾಗಿ ಬೇರ್ಪಡಿಸಲೇಬೇಕು ಎಂದು ಹೊರಟರು. ಆರಿಸಿಕೊಂಡದ್ದು ಯೂರಿಯೇಸ್. ಇದು ಯೂರಿಯಾವನ್ನು ಒಡೆದು ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ತೊಳೆಯದ ಮೂತ್ರಾಲಯದಲ್ಲಿ ಮೂಗಿಗೆ ಹೊಡೆಯುವ ವಾಸನೆ ಬರುವುದು ಬ್ಯಾಕ್ಟೀರಿಯಾಗಳ ಯೂರಿಯೇಸ್‌ನಿಂದಲೇ. ನಮ್ಮ ಅವರೆಯ ಕುಟುಂಬಕ್ಕೇ ಸೇರಿದ ಜಾಕ್ ಬೀನ್ ಎಂಬ ಕಾಳಿನಲ್ಲಿ ಈ ಕಿಣ್ವ ಹೇರಳವಾಗಿದೆ.

ಹಣ ಕಡಿಮೆ, ಪಾಠದ ಹೊರೆ ಹೆಚ್ಚು. ಮೊದಮೊದಲು ಲ್ಯಾಬಿನಲ್ಲಿ ಐಸ್ ಪೆಟ್ಟಿಗೆಯೂ ಇರಲಿಲ್ಲ. ದ್ರಾವಣದ ಪಾತ್ರೆಗಳನ್ನು ಕಿಟಕಿಯ ಅಂಚಿನಲ್ಲಿಟ್ಟು, ರಾತ್ರಿ ಚಳಿ ಬೀಳಲಿ ಎಂದು ಕಾಯುತ್ತಿದ್ದರು. 1921ರಲ್ಲಿ ಬ್ರಸೆಲ್ಸ್‌ಗೆ ಹೋಗಿ ಜೀನ್ ಎಫ್ರಾಂಟ್ ಎಂಬ ತಜ್ಞರ ಜೊತೆ ಕೆಲಸ ಮಾಡುವ ಅವಕಾಶ ಬಂತು. ಯೂರಿಯೇಸ್ ಬೇರ್ಪಡಿಸುವ ಯೋಚನೆಯೇ ಹಾಸ್ಯಾಸ್ಪದ ಎಂದು ಎಫ್ರಾಂಟ್‌ಗೆ ಅನ್ನಿಸಿತು. ಆ ಪ್ರಯಾಣವೂ ನಿಂತಿತು.

1926ರ ಆ ಬೆಳಿಗ್ಗೆ

ಒಂಬತ್ತು ವರ್ಷ ಕಳೆಯಿತು. 1926ರಲ್ಲಿ ಸಮ್ನರ್ ಕಾಳಿನ ಹಿಟ್ಟನ್ನು ಸುಮಾರು 32 ಶೇಕಡಾ ಅಸಿಟೋನ್ ಬೆರೆತ ನೀರಿನಲ್ಲಿ ಕಲಸಿ, ಸೋಸಿ, ರಾತ್ರಿ ತಣ್ಣಗಿಟ್ಟರು. ಬೆಳಿಗ್ಗೆ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಂಟು ಮುಖದ ಪುಟ್ಟ ಹರಳುಗಳು! ಹರಳುಗಳನ್ನು ಬೇರ್ಪಡಿಸಿ ನೀರಿನಲ್ಲಿ ಕರಗಿಸಿದರು. ಪ್ರೋಟೀನ್ ಪರೀಕ್ಷೆಗೆ ಉತ್ತರ ಹೌದು ಎಂದು ಬಂತು. ಯೂರಿಯಾ ಹಾಕಿದರೆ ಭರದಿಂದ ಒಡೆಯಿತು. ಮೊದಲ ಕಿಣ್ವ ಹರಳಾಯಿತು ಎಂದು ಹೆಂಡತಿಗೆ ಫೋನ್ ಮಾಡಿ ಹೇಳಿದರು.

ಎಂದರೆ ಕಿಣ್ವ ನಿಗೂಢ ಶಕ್ತಿಯಲ್ಲ. ಅದು ಪ್ರೋಟೀನ್. ಬೇಳೆ, ಮೊಟ್ಟೆ, ಹಾಲಿನಲ್ಲಿರುವ ವಸ್ತುಗಳ ಜಾತಿಯದ್ದೇ.

ಯಾಕೆ ಯಾರೂ ನಂಬಲಿಲ್ಲ?

ಆಗ ಈ ಕ್ಷೇತ್ರದ ದೊಡ್ಡ ಹೆಸರು ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್, 1915ರ ನೊಬೆಲ್ ವಿಜೇತರು. ಅವರು ಕಿಣ್ವಗಳನ್ನು ಎಷ್ಟು ಶುದ್ಧ ಮಾಡಿದ್ದರೆಂದರೆ, ದ್ರಾವಣ ಕೆಲಸ ಮಾಡುತ್ತಿತ್ತು, ಆದರೆ ಪರೀಕ್ಷೆಯಲ್ಲಿ ಪ್ರೋಟೀನ್ ಕಾಣಿಸುತ್ತಿರಲಿಲ್ಲ. ಹಾಗಾಗಿ ಕಿಣ್ವ ಬೇರೆ ಯಾವುದೋ ಸಣ್ಣ ಅಣು, ಪ್ರೋಟೀನ್ ಅದನ್ನು ಹೊರುವ ಗಾಡಿ ಮಾತ್ರ ಎಂದು ಅವರು ನಂಬಿದ್ದರು. ಸಮ್ನರ್ ಹರಳಿನಲ್ಲಿ ಇರುವುದೂ ಗಾಡಿಯೇ ಎಂದು ಅವರ ಬಳಗ ವಾದಿಸಿತು.

ಇದು ಹಟಮಾರಿತನ ಮಾತ್ರವಾಗಿರಲಿಲ್ಲ. ಕಿಣ್ವ ಎಳ್ಳಿನಷ್ಟಕ್ಕಿಂತ ಎಷ್ಟೋ ಕಡಿಮೆ ಇದ್ದರೂ ಕೆಲಸ ಮಾಡುತ್ತದೆ. ಅಷ್ಟು ಕಡಿಮೆ ಪ್ರೋಟೀನನ್ನು ಹಿಡಿಯುವ ಪರೀಕ್ಷೆ ಆ ಕಾಲದಲ್ಲಿ ಇರಲಿಲ್ಲ.

ಜಗಳ ತೀರಿದ್ದು ಮಾತಿನಿಂದಲ್ಲ. 1930ರಲ್ಲಿ ಜಾನ್ ನಾರ್ತ್ರಾಪ್ ಹೊಟ್ಟೆಯ ಪೆಪ್ಸಿನ್ ಕಿಣ್ವವನ್ನು ಹರಳು ಮಾಡಿದರು. ಅದೂ ಪ್ರೋಟೀನ್. ಆಮೇಲೆ ಒಂದರ ಹಿಂದೆ ಒಂದು ಕಿಣ್ವ ಹರಳಾಯಿತು. 1937ರಲ್ಲಿ ಸಮ್ನರ್ ಮತ್ತೊಂದು ಕಿಣ್ವವಾದ ಕ್ಯಾಟಲೇಸ್‌ನ ಹರಳನ್ನೂ ತೆಗೆದರು. 1946ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಭಾಗ ಸಮ್ನರ್‌ಗೆ, ಉಳಿದರ್ಧ ನಾರ್ತ್ರಾಪ್ ಮತ್ತು ವೆಂಡೆಲ್ ಸ್ಟಾನ್ಲಿಗೆ ಬಂತು. ಮೊದಲ ಹರಳು ಕಂಡು 20 ವರ್ಷವಾಗಿತ್ತು. ಸಮ್ನರ್ 1955ರ ಆಗಸ್ಟ್ 12ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು.

ವಸ್ತು ಅಂದಮೇಲೆ ತಿದ್ದಬಹುದು

ಶಕ್ತಿಯನ್ನು ತಿದ್ದಲಾಗದು, ವಸ್ತುವನ್ನು ತಿದ್ದಬಹುದು. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಒಂದು ಮಣಿ ಬದಲಾದರೂ ಗುಣ ಬದಲಾಗಬಹುದು. ಬೇಕಾದ ಮಣಿಯನ್ನೇ ಬದಲಿಸುವ ವಿಧಾನವನ್ನು ಕೆನಡಾದ ಮೈಕಲ್ ಸ್ಮಿತ್ 1978ರಲ್ಲಿ ಕೊಟ್ಟರು. ಅದಕ್ಕೆ 1993ರಲ್ಲಿ ನೊಬೆಲ್ ಬಂತು.

ಬಟ್ಟೆ ಪುಡಿಯನ್ನೇ ನೋಡಿ. ರಕ್ತ, ಹಾಲು, ಬೆವರಿನ ಕಲೆಗಳನ್ನು ಕತ್ತರಿಸುವ ಸಬ್ಟಿಲಿಸಿನ್ ಎಂಬ ಕಿಣ್ವದಲ್ಲಿ 275 ಮಣಿಗಳಿವೆ. ಪುಡಿಯಲ್ಲಿರುವ ಬ್ಲೀಚ್ ತಾಗಿದರೆ ಅದು ಕೆಡುತ್ತಿತ್ತು. ಪೆಟ್ಟು ಬೀಳುತ್ತಿದ್ದದ್ದು 222ನೇ ಮಣಿಗೆ. 1985ರಲ್ಲಿ ಅಮೆರಿಕದ ಸಂಶೋಧಕರು ಆ ಜಾಗದಲ್ಲಿ ಉಳಿದ 19 ಬಗೆಯ ಮಣಿಗಳನ್ನೂ ಒಂದೊಂದಾಗಿ ಇಟ್ಟು ನೋಡಿದರು. ಅವುಗಳಲ್ಲಿ ಕೆಲವು ಬ್ಲೀಚ್‌ಗೆ ಜಗ್ಗಲಿಲ್ಲ. ಮುಂದೆ ಫ್ರಾನ್ಸಿಸ್ ಆರ್ನಾಲ್ಡ್ ಕಿಣ್ವಗಳಲ್ಲಿ ಅಲ್ಲಲ್ಲಿ ಬದಲಾವಣೆ ತಂದು, ಚೆನ್ನಾಗಿ ಕೆಲಸ ಮಾಡುವುದನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತಾ ಹೋಗುವ ದಾರಿ ತೋರಿಸಿ 2018ರ ನೊಬೆಲ್ ಪಡೆದರು. ನಮ್ಮ ರೈತರು ಒಳ್ಳೆಯ ತೆನೆಯನ್ನೇ ಬಿತ್ತನೆಗೆ ಎತ್ತಿಡುವಂತೆಯೇ ಇದು.

ಸಮ್ನರ್ ಹಿಡಿದ ಯೂರಿಯೇಸ್ ಇಂದಿಗೂ ಬಳಕೆಯಲ್ಲಿದೆ. ಕಿಡ್ನಿ ಹೇಗಿದೆ ಎಂದು ನೋಡಲು ಮಾಡಿಸುವ ಬ್ಲಡ್ ಯೂರಿಯಾ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಯೂರಿಯಾವನ್ನು ಒಡೆಯುವುದು ಇದೇ ಕಿಣ್ವ. ಜಾಕ್ ಬೀನ್ ಯೂರಿಯೇಸ್‌ನ ಪೂರ್ಣ ರಚನೆಯನ್ನು 2010ರಲ್ಲಿ ಬಿಡಿಸಿಟ್ಟವರು ನಮ್ಮ ಪಕ್ಕದ ಚೆನ್ನೈನ ಮದ್ರಾಸ್ ವಿಶ್ವವಿದ್ಯಾಲಯದ ಸಂಶೋಧಕರು.

ಹಾಗಾದರೆ ಆ ಸಂದೇಶಗಳು?

ಬಟ್ಟೆ ಪುಡಿಯ ಕಿಣ್ವದಲ್ಲಿ ಜೀವ ಇಲ್ಲ. ಅದನ್ನು ತಯಾರಿಸಲು ಸೂಕ್ಷ್ಮಜೀವಿಗಳನ್ನು ಬೆಳೆಸುವುದು ನಿಜ, ಆದರೆ ಪುಡಿಗೆ ಸೇರುವುದು ಅವು ಮಾಡಿದ ಪ್ರೋಟೀನ್. ಪ್ರೋಟೀನ್ ಕತ್ತರಿಸುವ ಕಿಣ್ವ ಹತ್ತಿಯ ಎಳೆಯನ್ನು ಕತ್ತರಿಸಲಾರದು. ಆದರೆ ರೇಷ್ಮೆ, ಉಣ್ಣೆ ಎರಡೂ ಪ್ರೋಟೀನ್. ಮೈಸೂರು ಸಿಲ್ಕ್ ಸೀರೆಗೆ ಅಂಥ ಪುಡಿ ಬೇಡ.

ಕುಡಿದ ಕಿಣ್ವದಿಂದ ಜೀವಶಕ್ತಿಯೂ ಹೆಚ್ಚುವುದಿಲ್ಲ. ಹೊಟ್ಟೆ ಅದರಲ್ಲಿ ಬಹುಪಾಲನ್ನು ಬೇಳೆಯ ಪ್ರೋಟೀನಿನಂತೆಯೇ ಜೀರ್ಣಿಸುತ್ತದೆ. ಹಾಲು ಒಗ್ಗದವರಿಗೆ, ಮೇದೋಜೀರಕ ಗ್ರಂಥಿ ಕೆಟ್ಟವರಿಗೆ ವೈದ್ಯರು ಕೊಡುವ ಕಿಣ್ವದ ಮಾತ್ರೆ ಬೇರೆ ಮಾತು. ಅದು ಕರುಳಿನಲ್ಲಿ ಒಂದು ನಿರ್ದಿಷ್ಟ ಕೆಲಸ ಮಾಡುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಸಮ್ನರ್‌ರನ್ನೂ ತಜ್ಞರು ನಂಬಲಿಲ್ಲ, ಹಾಗಾಗಿ ತಜ್ಞರು ಬೇಡ ಎನ್ನುವ ನಮ್ಮ ಮದ್ದೂ ನಿಜ ಎಂದು ಯಾರಾದರೂ ಈ ಕಥೆಯನ್ನು ತಿರುಗಿಸಬಹುದು. ಸಮ್ನರ್ ಗೆದ್ದದ್ದು ವಿರೋಧ ಇತ್ತು ಎಂಬ ಕಾರಣಕ್ಕಲ್ಲ. ತಾವು ಮಾಡಿದ್ದನ್ನು ಎಷ್ಟು ಹಿಟ್ಟು, ಎಷ್ಟು ಅಸಿಟೋನ್ ಎಂಬುದರ ಸಮೇತ ಬರೆದು ಪ್ರಕಟಿಸಿದರು, ಬೇರೆಯವರು ಬೇರೆ ಕಡೆ ಮಾಡಿದಾಗಲೂ ಹರಳು ಬಂತು. ಅವರಿಗೂ ಎಲ್ಲ ತಿಳಿದಿರಲಿಲ್ಲ: ಯೂರಿಯೇಸ್ ಕೆಲಸ ಮಾಡಲು ನಿಕ್ಕಲ್ ಲೋಹವೂ ಬೇಕೆಂದು ಗೊತ್ತಾದದ್ದು 1975ರಲ್ಲಿ, ಅವರು ತೀರಿಕೊಂಡು 20 ವರ್ಷವಾದ ಮೇಲೆ.

ಮುಂದಿನ ಬಾರಿ ಅಂಥ ಸಂದೇಶ ಬಂದರೆ, ಕಳಿಸಿದವರನ್ನು ಒಂದೇ ಮಾತು ಕೇಳಿ: ಇದನ್ನು ಬೇರೆಯವರು ಮಾಡಿ ನೋಡಿದ್ದಾರೆಯೇ? ಉತ್ತರ ಸಿಗುವವರೆಗೆ ಅದನ್ನು ಮುಂದೆ ಕಳಿಸಬೇಡಿ ಎಂಬುದೇ ನಮ್ಮ ಕೋರಿಕೆ.