ಚಿಟ್ಟೆಗಳ ಲೆಕ್ಕವಿಟ್ಟ ಗುಮಾಸ್ತ: ಹೆನ್ರಿ ವಾಲ್ಟರ್ ಬೇಟ್ಸ್

ಹೊಟ್ಟೆಪಾಡಿನ ದುಡಿಮೆಗೆ ಇಳಿದವನಿಗೆ ವಿದ್ಯೆಯ ಬಾಗಿಲು ಮುಚ್ಚಿತೆಂದು ತಿಳಿಯುವವರು ನಮ್ಮಲ್ಲಿ ಅನೇಕರಿದ್ದಾರೆ. ಅಂತಹವರ ಮುಂದೆ ನಾವು ಇಂಗ್ಲೆಂಡಿನ ಒಬ್ಬ ಗುಮಾಸ್ತನ ಚರಿತ್ರೆಯನ್ನು ಇಡಬಯಸುತ್ತೇವೆ.

ಹೆನ್ರಿ ವಾಲ್ಟರ್ ಬೇಟ್ಸನು 1825ರ ಫೆಬ್ರವರಿ 8ರಂದು ಲೆಸ್ಟರ್ ನಗರದಲ್ಲಿ ಜನಿಸಿದನು. ಹದಿಮೂರರ ಸುಮಾರಿಗೇ ಶಾಲೆ ಬಿಟ್ಟು ಕಾಲುಚೀಲಗಳ ವರ್ತಕನೊಬ್ಬನ ಮಳಿಗೆಯನ್ನು ಸೇರಿದನು. ಬೆಳಿಗ್ಗೆ 7 ಗಂಟೆಗೆ ಬಾಗಿಲು ತೆರೆದು ಕಸ ಗುಡಿಸಿದರೆ ರಾತ್ರಿ 8ರ ತನಕ ಬಿಡುವಿಲ್ಲ. ಆ ಬಳಿಕ ಕಾರ್ಮಿಕರ ವಿದ್ಯಾಸಂಸ್ಥೆಯ ರಾತ್ರಿ ತರಗತಿಗಳಲ್ಲಿ ಗ್ರೀಕ್, ಲ್ಯಾಟಿನ್, ಫ್ರೆಂಚ್ ಭಾಷೆಗಳನ್ನು ಕಲಿತನು. ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನು ಬಲ್ಲ ನಮ್ಮ ವಾಚಕರಿಗೆ ಈ ಶ್ರಮವೇನೆಂದು ವಿವರಿಸಬೇಕಾಗಿಲ್ಲ. ಬಿಡುವು ದೊರೆತಾಗ ಕೀಟಗಳನ್ನು ಹಿಡಿದು ನೋಡುವುದೇ ಆತನ ವಿನೋದವಾಗಿತ್ತು. ಮುಂದೆ ಬರ್ಟನ್ ಊರಿನ ಬಿಯರ್ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾದನು.

1848ರಲ್ಲಿ ಆ ಕೆಲಸವನ್ನು ತೊರೆದು, ಗೆಳೆಯ ಆಲ್ಫ್ರೆಡ್ ರಸೆಲ್ ವಾಲೇಸನೊಡನೆ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಕಡೆಗೆ ಹೊರಟನು. ಕೈಯಲ್ಲಿ ಹಣವಿರಲಿಲ್ಲ. ಹಿಡಿದ ಕೀಟಗಳನ್ನು ಲಂಡನ್ನಿಗೆ ಕಳುಹಿಸಿ, ಮಾರಿ ಬಂದ ಹಣದಿಂದಲೇ ಜೀವನ ಸಾಗಬೇಕಾಗಿತ್ತು. ವಾಲೇಸನು 1852ರಲ್ಲಿ ಸ್ವದೇಶಕ್ಕೆ ಹಿಂದಿರುಗಿದನು; ಬೇಟ್ಸನು 11 ವರ್ಷ ಅಲ್ಲಿಯೇ ನಿಂತನು. ಒಮ್ಮೆ ವರ್ಷವಿಡೀ ಊರಿನಿಂದ ಕಾಗದವೂ ಬರಲಿಲ್ಲ, ಹಣವೂ ಬರಲಿಲ್ಲ. ಬಟ್ಟೆ ಹರಿದು ಚಿಂದಿಯಾಯಿತು, ಕಾಲಿಗೆ ಪಾದರಕ್ಷೆಯಿಲ್ಲ, ಇದ್ದ ಹಣವೂ ಕಳುವಾಯಿತು.

ಮಾರುವುದಕ್ಕಾಗಿ ಹಿಡಿಯುವವನಿಗೆ ಚಿಟ್ಟೆಯ ಅಂದ ಸಾಕು. ಬೇಟ್ಸನು ಅಷ್ಟಕ್ಕೆ ತೃಪ್ತನಾಗದೆ, ಯಾವ ಚಿಟ್ಟೆ ಎಲ್ಲಿ, ಯಾವ ಕಾಲದಲ್ಲಿ ಕಂಡಿತೆಂಬುದನ್ನು ಜಮಾಖರ್ಚಿನಂತೆ ಬರೆದಿಟ್ಟನು. ಇಂದು ಬೆಲೆಂ ಎನಿಸುವ ಪಾರಾ ಪಟ್ಟಣದಿಂದ ಒಂದು ಗಂಟೆಯ ನಡಿಗೆಯೊಳಗೆ ಸುಮಾರು 700 ಜಾತಿಯ ಚಿಟ್ಟೆಗಳಿದ್ದುವು. ಬ್ರಿಟನ್ನಿನ ದ್ವೀಪಗಳಲ್ಲೆಲ್ಲ ಸೇರಿ 66, ಇಡೀ ಯೂರೋಪಿನಲ್ಲಿ 321 ಮಾತ್ರವೆಂಬುದು ಆತನ ಎಣಿಕೆ. ಈಗ ತೆಫೆ ಎಂದು ಕರೆಯುವ ಎಗಾದಲ್ಲಿ 550 ಜಾತಿಗಳು ದೊರೆತವು.

ಎಗಾದ ಜನರ ಬದುಕು ನದಿಯ ಏರಿಳಿತವನ್ನು ಅನುಸರಿಸಿತ್ತು. ಆ ಸೀಮೆಯಲ್ಲಿ ನೀರು ಇಳಿದು ಮರಳು ತೆರೆದುಕೊಂಡಾಗ, ಹಳದಿ ಮತ್ತು ಕಿತ್ತಳೆ ಬಣ್ಣದ ಚಿಟ್ಟೆಗಳು ಒದ್ದೆ ನೆಲದಲ್ಲಿ ಹೂವಿನ ಪಾತಿಗಳಂತೆ ಒತ್ತಾಗಿ ಕೂರುತ್ತಿದ್ದುವು. ಪರೀಕ್ಷಿಸಲಾಗಿ ಅವು ಗಂಡುಗಳೇ ಆಗಿದ್ದುವು; ಹೆಣ್ಣುಗಳು ಕಾಡಿನ ನೆರಳಿನಲ್ಲಿ ಉಳಿದಿದ್ದುವು. ಬಿಸಿಲಿನ ತೀರವೊಂದನ್ನೇ ನೋಡಿದವನ ಲೆಕ್ಕ ಅರ್ಧವೇ ಸರಿ. ಒಬಿಡೋಸಿನ ಸುತ್ತಿನಲ್ಲಿ ಒಣ ಕಾಡಿಗೆ ಒಂದು ಬಗೆಯ ಚಿಟ್ಟೆ, ತೇವದ ಕಾಡಿಗೆ ಇನ್ನೊಂದು; ಎರಡೂ ಕೂಡುವ ಎಡೆಗಳಲ್ಲಿ ನಡುವಣ ರೂಪಗಳನ್ನು ಆತನು ಗುರುತಿಸಿದನು.

ಪಕ್ಷಿಗಳು ತಿನ್ನದ ಕಹಿ ಚಿಟ್ಟೆಗಳ ಗುಂಪಿನಲ್ಲಿ, ಅದೇ ಬಣ್ಣವನ್ನು ತಳೆದ ಬೇರೆ ಕುಲದ ಚಿಟ್ಟೆಗಳು ಹಾರುತ್ತಿದ್ದುವು. ಕಹಿ ಚಿಟ್ಟೆ ಊರಿಂದೂರಿಗೆ ಬಣ್ಣ ಬದಲಿಸಿದರೆ, ಅನುಕರಿಸುವ ಚಿಟ್ಟೆಯೂ ಬದಲಿಸಿತ್ತು. ಸ್ಥಳವನ್ನು ಬರೆದಿಡದಿದ್ದರೆ ಈ ರಹಸ್ಯ ಹೊರಬೀಳುತ್ತಿರಲಿಲ್ಲ. ವೇಷ ಚೆನ್ನಾಗಿ ಹೊಂದಿದವು ಉಳಿದು, ಉಳಿದವು ಪಕ್ಷಿಗಳ ಪಾಲಾದುವೆಂದು ಬೇಟ್ಸನು ವಾದಿಸಿದನು. ಈ ವಾದವು 1862ರಲ್ಲಿ ಅಚ್ಚಾಗಿ ಡಾರ್ವಿನ್ನನ ಸಿದ್ಧಾಂತಕ್ಕೆ ದೊಡ್ಡ ಆಧಾರವಾಯಿತು. ನಮ್ಮ ಕರಿಬೇವಿನ ಗಿಡದಲ್ಲಿ ಬೆಳೆಯುವ ಕಪ್ಪು ಚಿಟ್ಟೆಯ ಕೆಲವು ಹೆಣ್ಣುಗಳು, ಪಕ್ಷಿಗಳಿಗೆ ರುಚಿಸದ ಗುಲಾಬಿ ಚಿಟ್ಟೆಯ ಕೆಂಪು ಮಚ್ಚೆಗಳನ್ನು ತೊಟ್ಟಿರುವುದೂ ಇದೇ ನ್ಯಾಯದಿಂದ.

1859ರಲ್ಲಿ ಊರಿಗೆ ಮರಳಿದಾಗ ಆತನ ಸಂಗ್ರಹದಲ್ಲಿ 14,712 ಜಾತಿಗಳ ಜೀವಿಗಳಿದ್ದುವು; 8,000ಕ್ಕೂ ಹೆಚ್ಚು ಜಾತಿಗಳು ವಿಜ್ಞಾನಕ್ಕೆ ಹೊಸವು. 1863ರಲ್ಲಿ ಪ್ರವಾಸಗ್ರಂಥ ಪ್ರಕಟವಾಯಿತು. ಆದರೂ ಜೀವನಕ್ಕಾಗಿ 1864ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಸಹಾಯಕ ಕಾರ್ಯದರ್ಶಿಯಾಗಿ ಮತ್ತೆ ಕಾಗದಪತ್ರಗಳ ನಡುವೆ ಕುಳಿತನು. 1881ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಲಭಿಸಿತು. 1892ರ ಫೆಬ್ರವರಿ 16ರಂದು ನಿಧನನಾಗುವ ತನಕ ಆ ಕಚೇರಿಯ ಕೆಲಸವನ್ನು ಬಿಡಲಿಲ್ಲ.

ದೊಡ್ಡ ಪದವಿಯಿಲ್ಲದ ಬೇಟ್ಸನಿಗೆ ನೆರವಾದುದು ಕಂಡದ್ದನ್ನು ಕಂಡ ದಿನವೇ ತಪ್ಪಿಲ್ಲದೆ ಬರೆದಿಡುವ ಅಭ್ಯಾಸ. ಗಲ್ಲಾದಲ್ಲಿಯೂ ಕಚೇರಿಯಲ್ಲಿಯೂ ದಿನದ ಲೆಕ್ಕ ಬರೆಯುವ ನಮ್ಮ ಬಂಧುಗಳಲ್ಲಿ ಆ ಬಂಡವಾಳ ಈಗಾಗಲೇ ಇದೆಯೆಂದು ನಾವು ನಂಬಿದ್ದೇವೆ.